ಕೆರೆಯಿಂದ ಕೆರೆಗೆ: ನಮ್ಮ ಸೀಮೆಯ ಜಾಲಾಕೃತಿ

ಹತ್ತನೆಯ ತರಗತಿಯ ಗಣಿತದಲ್ಲಿ ಕೆಲವು ವರ್ಷ ‘ಜಾಲಾಕೃತಿ’ ಎಂಬ ಪಾಠವಿತ್ತು. ಸಂಪಾತ ಬಿಂದು, ಕಂಸ, ವಲಯಗಳನ್ನು ಎಣಿಸಿ ಆಯ್ಲರನ ಸೂತ್ರವನ್ನು ತಾಳೆ ನೋಡಿದರೆ ಅಂಕ ಕೈಗೆ ಬರುತ್ತಿತ್ತು. ಆ ಪಾಠದ ಚಿತ್ರ ನಮ್ಮ ಊರುಗಳ ನೆಲದ ಮೇಲೆಯೇ ನೂರಾರು ವರ್ಷಗಳಿಂದ ಬರೆದಿತ್ತು ಎಂಬುದು ನಮಗೆ ಹೊಳೆಯಲಿಲ್ಲ. ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಅದನ್ನೇ ನೆನೆಯಬೇಕೆನಿಸಿತು.

ಪಾಠ ಶುರುವಾಗುತ್ತಿದ್ದುದು ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳಿಂದ. ಪ್ರತಿ ಸೇತುವೆಯನ್ನು ಒಂದೇ ಸಲ ದಾಟಿ ಊರೆಲ್ಲ ಸುತ್ತಬಹುದೇ? ಆಗದು ಎಂದು 1736ರ ಹೊತ್ತಿಗೆ ಲಿಯೊನಾರ್ಡ್ ಆಯ್ಲರ್ ತೋರಿಸಿದರು. ಊರಿನ ಉದ್ದಗಲವನ್ನು ಬದಿಗಿಟ್ಟು, ನೆಲದ ತುಂಡುಗಳನ್ನು ಬಿಂದುಗಳೆಂದೂ ಸೇತುವೆಗಳನ್ನು ಗೆರೆಗಳೆಂದೂ ಅವರು ಎಣಿಸಿದರು. ಯಾವುದು ಯಾವುದಕ್ಕೆ ಸೇರಿದೆ ಎಂಬುದಷ್ಟೇ ಅಲ್ಲಿ ಮುಖ್ಯ. ಇಂದು ಗ್ರಾಫ್ ಸಿದ್ಧಾಂತ ಎನ್ನುವುದರ ಮೊದಲ ಹೆಜ್ಜೆ ಅದು.

ಈಗ ನಮ್ಮ ಸೀಮೆಗೆ ಬನ್ನಿ. ಬೆಂಗಳೂರು ನಿಂತಿರುವುದು ದಿಬ್ಬದ ಮೇಲೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿಯಿಲ್ಲದ ಈ ನೆಲದಲ್ಲಿ ಹಿರಿಯರು ಇಳಿಜಾರು ನೋಡಿ ಕೆರೆ ಕಟ್ಟಿದರು. ಮಡಿವಾಳ ಕೆರೆಯ ಕೋಡಿ ನೀರು ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ. ಕೈಕೊಂಡ್ರಹಳ್ಳಿಯದು ಸೌಳು ಕೆರೆಗೆ, ಅಲ್ಲಿಂದ ಅದೂ ಬೆಳ್ಳಂದೂರಿಗೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ತುಂಬಿದರೆ ವರ್ತೂರು ಕೆರೆಗೆ, ಅಲ್ಲಿಂದ ಪಿನಾಕಿನಿಗೆ. ಕೆರೆಗಳು ಬಿಂದುಗಳು, ರಾಜಕಾಲುವೆಗಳು ಗೆರೆಗಳು. ಪ್ರತಿ ಗೆರೆಗೂ ಒಂದೇ ದಿಕ್ಕು: ಮೇಲಿನಿಂದ ಕೆಳಕ್ಕೆ.

ಈ ಜಾಲವನ್ನು ನಡೆಸುತ್ತಿದ್ದವನು ನೀರುಗಂಟಿ. ಯಾವ ತೂಬು ಎಷ್ಟು ಎತ್ತಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಮೊದಲ ಸರದಿ ಎಂಬ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು. ಬೇಸಿಗೆಯಲ್ಲಿ ಊರವರು ಹೂಳೆತ್ತುತ್ತಿದ್ದರು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಕೆರೆ ಕೋಡಿ ಬಿದ್ದ ದಿನ ಮೇಷ್ಟರೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಏರಿಯ ಮೇಲೆ ಕರೆದೊಯ್ದಿದ್ದರು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಸಣ್ಣ ಹುಡುಗರೂ ಕೆಳಗಿನ ಕೆರೆಯ ಹೆಸರು ಹೇಳುತ್ತಿದ್ದರು.

ಕಾಲ ಬದಲಾಯಿತು. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ಊರಾಗಿ ಹುಟ್ಟಿದ ವೈಟ್‌ಫೀಲ್ಡ್, 1990ರ ದಶಕದಲ್ಲಿ ಸಾಫ್ಟ್‌ವೇರ್ ಊರಾಯಿತು. ಎಲೆಕ್ಟ್ರಾನಿಕ್ ಸಿಟಿಗೆ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಅಡಿಪಾಯ ಹಾಕಿತ್ತು. ಹೊಸ ಜಾಲಗಳು ಬಂದವು: ವಿದ್ಯುತ್ ತಂತಿ, ಕೇಬಲ್, ಇಂಟರ್‌ನೆಟ್, ಮೆಟ್ರೊ. ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಹುಡುಕುವ ಕ್ರಮವನ್ನು ಡಚ್ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ 1956ರಲ್ಲಿ ಕಂಡುಕೊಂಡು 1959ರಲ್ಲಿ ಪ್ರಕಟಿಸಿದರು. ಮೊಬೈಲಿನಲ್ಲಿ ದಾರಿ ತೋರಿಸುವ ನಕ್ಷೆಗಳ ಬೇರು ಅಲ್ಲಿದೆ. ಲಕ್ಷಾಂತರ ಬಿಂದುಗಳಿರುವ ಇಂಥ ಜಾಲಗಳ ಮೇಲೆ ಕೆಲಸ ಮಾಡುವವರಲ್ಲಿ ನಮ್ಮ ಶಾಲೆಯ ಮಕ್ಕಳೂ ಇದ್ದಾರೆ. ಇದು ಹೆಮ್ಮೆಯ ಮಾತು.

ಅದೇ 1956ರಲ್ಲಿ ಅಮೆರಿಕದ ಫೋರ್ಡ್ ಮತ್ತು ಫುಲ್ಕರ್‌ಸನ್ ಎಂಬ ಗಣಿತಜ್ಞರು ಇನ್ನೊಂದು ಪ್ರಮೇಯವನ್ನು ಪ್ರಕಟಿಸಿದರು. ರೈಲ್ವೆ ಜಾಲದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚೆಂದರೆ ಎಷ್ಟು ಸರಕು ಸಾಗಿಸಬಹುದು ಎಂಬ ಪ್ರಶ್ನೆಯಿಂದ ಹುಟ್ಟಿದ್ದು ಅದು. ಉತ್ತರ ಸರಳ: ಆ ತುದಿಗಳ ನಡುವೆ ಜಾಲವನ್ನು ಅಡ್ಡಲಾಗಿ ಎಲ್ಲಿ ಕತ್ತರಿಸಿದರೆ ದಾರಿಗಳ ಒಟ್ಟು ಅಳತೆ ಅತಿ ಕಡಿಮೆಯೋ, ಅಷ್ಟು ಮಾತ್ರ ಸಾಗುತ್ತದೆ. ಕಾಲುವೆಗೆ ಹೋಲಿಸಿ ನೋಡಿ. ಮೇಲಿನಿಂದ ನೂರು ಪಾಲು ನೀರು ಬರುತ್ತಿದೆ, ಕೆಳಗಿನ ಕಾಲುವೆ ಎಂಬತ್ತು ಪಾಲು ಒಯ್ಯಬಲ್ಲದು, ಆದರೆ ನಡುವೆ ರಸ್ತೆಯಡಿಯ ಮೋರಿಯಲ್ಲಿ ಹಿಡಿಸುವುದು ಮೂವತ್ತು. ಬೇರೆ ದಾರಿಯಿಲ್ಲದಿದ್ದರೆ ದಾಟುವುದು ಮೂವತ್ತೇ. ಉಳಿದ ಎಪ್ಪತ್ತು ಬೀದಿಗೆ, ಮನೆಗೆ. ಮೋರಿಯನ್ನು ಹಾಗೆಯೇ ಬಿಟ್ಟು ಮೇಲೆ ಕೆಳಗೆ ಎಷ್ಟು ಅಗಲಿಸಿದರೂ ಪ್ರಯೋಜನವಿಲ್ಲ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಈ ಪ್ರಮೇಯ ನಮ್ಮ ಬಾಗಿಲಿಗೇ ಬಂತು. ಒಂದೇ ದಿನದಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಹೊರವರ್ತುಲ ರಸ್ತೆಯಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು, ಬಡಾವಣೆಗಳಲ್ಲಿ ದೋಣಿಗಳು ಓಡಾಡಿದವು. ಮಳೆ ಹೆಚ್ಚಾದದ್ದು ನಿಜ. ಆದರೆ ಹೆಚ್ಚಿನ ನೀರನ್ನು ತಡೆದು ನಿಧಾನವಾಗಿ ಬಿಡುತ್ತಿದ್ದ ಕೆರೆಗಳು ಹೂಳು ತುಂಬಿ ಆಳ ಕಳೆದುಕೊಂಡಿದ್ದವು, ಕೆಲವು ಇಲ್ಲವೇ ಆಗಿದ್ದವು, ಕಾಲುವೆಗಳು ಕಿರಿದಾಗಿದ್ದವು. ತಪ್ಪೆಲ್ಲ ಹೊರಗಿನವರದೇ ಎಂದರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ. ಕಾಲುವೆಯಂಚಿನ ಗದ್ದೆ ಮಾರಿದವರಲ್ಲಿ, ಖರಾಬು ಜಾಗಕ್ಕೆ ಬೇಲಿ ಸರಿಸಿದವರಲ್ಲಿ ನಮ್ಮವರೂ ಇದ್ದಾರೆ. ಜಮೀನಿಗೆ ಬೆಲೆ ಬಂದಾಗ ಮಕ್ಕಳ ಓದು, ಮದುವೆ, ಸಾಲ ಎಲ್ಲವೂ ಎದುರಿಗಿದ್ದವು. ನೀರಿನ ದಾರಿ ಯಾರಿಗೂ ನೆನಪಾಗಲಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಡ, ಕಮಾನು ಆಗಲಿ, ಬೇಡವೆನ್ನುವುದಿಲ್ಲ. ಜೊತೆಗೆ ಒಂದು ಸಣ್ಣ ಕೆಲಸವನ್ನು ಶಿಕ್ಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಮುಂದಿಡುತ್ತೇನೆ. ಹಳೆಯ ಗ್ರಾಮ ನಕ್ಷೆಗಳನ್ನು ತರಿಸೋಣ. ಒಂಬತ್ತನೆಯ ತರಗತಿಯ ಮಕ್ಕಳು ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು ಕಾಲುವೆಗುಂಟ ನಡೆಯಲಿ. ಎಲ್ಲಿ ಎಷ್ಟು ಅಗಲ ಉಳಿದಿದೆ ಎಂದು ಅಳೆದು ಬರೆದುಕೊಳ್ಳಲಿ. ಕಂಪನಿಗಳಲ್ಲಿರುವ ನಮ್ಮ ಎಂಜಿನಿಯರ್‌ಗಳು ಆ ಅಳತೆಗಳನ್ನು ಜಾಲಾಕೃತಿಗೆ ಏರಿಸಿ, ಅತಿ ಇಕ್ಕಟ್ಟಾದ ಜಾಗ ಯಾವುದೆಂದು ಲೆಕ್ಕ ಹಾಕಿಕೊಡಲಿ. ಆ ಕಾಗದವನ್ನು ಹಿಡಿದು ಪಂಚಾಯಿತಿಗೋ ಪಾಲಿಕೆಗೋ ಹೋದರೆ ನಮ್ಮ ಮಾತಿಗೆ ತೂಕ ಬರುತ್ತದೆ. ನೀರುಗಂಟಿಯ ತಲೆಯಲ್ಲಿದ್ದ ಲೆಕ್ಕ ಅವನೊಂದಿಗೇ ಹೋಯಿತು. ಮುಂದಿನ ಲೆಕ್ಕ ಶಾಲೆಯ ಗೋಡೆಯ ಮೇಲಾದರೂ ಉಳಿಯಲಿ.