ನಿಷ್ಕಾಮ ಕರ್ಮ: ಗೀತೆಯಿಂದ ಉಮದಿಯವರೆಗೆ



‘ಫಲ ಬಯಸದೆ ಕೆಲಸ ಮಾಡಬೇಕು’ ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಬರುತ್ತದೆ. ಹೆಚ್ಚಾಗಿ ಇನ್ನೊಬ್ಬರಿಂದ ಪುಕ್ಕಟೆ ಕೆಲಸ ಮಾಡಿಸುವಾಗಲೇ ಈ ಮಾತು ನೆನಪಾಗುತ್ತದೆ! ಆದ್ದರಿಂದ ಇದರ ನಿಜವಾದ ಅರ್ಥವನ್ನು, ನಮ್ಮ ಸಾಂಗಲಿ-ಮಿರಜ ಭಾಗಕ್ಕೆ ಇದರ ನಂಟನ್ನು ಇಲ್ಲಿ ಸಂಕ್ಷಿಪ್ತವಾಗಿ ಕೊಟ್ಟಿದ್ದೇನೆ.

ಗೀತೆ ಹೇಳುವುದೇನು?

ಇದರ ಮೂಲ ಭಗವದ್ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕ. ಅದರಲ್ಲಿ ನಾಲ್ಕು ಮಾತುಗಳಿವೆ. ಕೆಲಸದ ಮೇಲೆ ನಿನಗೆ ಅಧಿಕಾರವಿದೆ. ಫಲದ ಮೇಲೆ ಇಲ್ಲ. ಫಲಕ್ಕೆ ನೀನೇ ಕಾರಣನೆಂದು ತಿಳಿಯಬೇಡ. ಕೆಲಸ ಬಿಟ್ಟು ಕೂರುವ ಆಸೆಯೂ ಬೇಡ. ಮೊದಲೆರಡನ್ನು ಎಲ್ಲರೂ ಹೇಳುತ್ತಾರೆ, ನಾಲ್ಕನೆಯದನ್ನು ಮರೆಯುತ್ತಾರೆ. ‘ಏನು ಮಾಡಿದರೂ ಅಷ್ಟೇ’ ಎಂದು ಕೈಚೆಲ್ಲುವುದು ನಿಷ್ಕಾಮವಲ್ಲ, ಅದು ಆಲಸ್ಯ. 18ನೇ ಅಧ್ಯಾಯದಲ್ಲಿ ತ್ಯಾಗದಲ್ಲಿ ಮೂರು ಬಗೆ ಹೇಳಿದೆ. ಮೋಹದಿಂದ ಕರ್ತವ್ಯ ಬಿಡುವುದು ತಾಮಸ, ಕಷ್ಟಕ್ಕೆ ಅಂಜಿ ಬಿಡುವುದು ರಾಜಸ, ಕರ್ತವ್ಯ ಮಾಡುತ್ತಲೇ ಅಂಟು ಮತ್ತು ಫಲವನ್ನು ಬಿಡುವುದು ಸಾತ್ವಿಕ.

ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದ ‘ಗೀತಾರಹಸ್ಯ’ (1915) ಗೀತೆಯನ್ನು ಕರ್ಮಯೋಗವೆಂದೇ ಓದುತ್ತದೆ. ವಿನೋಬಾ 1932ರಲ್ಲಿ ಧುಳೆ ಸೆರೆಮನೆಯಲ್ಲಿ ಮರಾಠಿಯಲ್ಲಿ ಮಾಡಿದ ಗೀತಾ ಪ್ರವಚನಗಳನ್ನು ಸಾನೆ ಗುರೂಜಿ ಬರೆದುಕೊಂಡರು. ಕನ್ನಡದಲ್ಲಿ ನಾಗರಸನ ‘ಕರ್ಣಾಟಕ ಭಗವದ್ಗೀತೆ’ ಭಾಮಿನಿ ಷಟ್ಪದಿಯಲ್ಲಿದೆ. ಡಿ.ವಿ.ಜಿ.ಯವರ ಗೀತಾ ತಾತ್ಪರ್ಯದ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಶರಣರ ಕಾಯಕ

12ನೇ ಶತಮಾನದ ಶರಣರು ಕಾಯಕ ಮತ್ತು ದಾಸೋಹ ಎಂದರು. ದಾರಿ ಬೇರೆ, ಆದರೆ ಹತ್ತಿರದ್ದು. ಚೆಲ್ಲಿದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಲು ಪತ್ನಿ ಲಕ್ಕಮ್ಮ ಹೇಳಿದ ಕಥೆ ನಮಗೆಲ್ಲ ಗೊತ್ತು. ಕೆಲಸ ತಪ್ಪಲಿಲ್ಲ, ಆಸೆಗೆ ಮಾತ್ರ ತಡೆ ಬಿತ್ತು.

ನಮ್ಮ ಭಾಗದ ಪರಂಪರೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ ಕನ್ನಡ ಮಾತನಾಡುವ ಊರು. ಇಲ್ಲಿಯ ಭಾವೂಸಾಹೇಬ ಮಹಾರಾಜರು (1843–1914) ನಿಂಬರಗಿ ಮಹಾರಾಜರ ಶಿಷ್ಯರು. ಗುರುಗಳು ಲಿಂಗಾಯತರು, ಶಿಷ್ಯರು ಬ್ರಾಹ್ಮಣ ದೇಶಪಾಂಡೆ ಮನೆತನದವರು. ಅವರ ಮಠ ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿದೆ. ಸಂಸಾರ, ಉದ್ಯೋಗ ಬಿಡದೆ ನಾಮಸ್ಮರಣೆ ಮಾಡುವುದು ಈ ಸಂಪ್ರದಾಯದ ರೀತಿ.

ಅವರ ಶಿಷ್ಯರಾದ ಗುರುದೇವ ರಾನಡೆಯವರು (1886–1957) ಹುಟ್ಟಿದ್ದು ಜಮಖಂಡಿಯಲ್ಲಿ. ನಮ್ಮ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ತತ್ವಜ್ಞಾನ ಕಲಿಸಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿ ಹುದ್ದೆಯವರೆಗೆ ಏರಿದರು. ಮರಾಠಿ ಸಂತರ ಬಗ್ಗೆ, ಕನ್ನಡ ಸಂತರ ಬಗ್ಗೆ, ಗೀತೆಯ ಬಗ್ಗೆ ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಕೊನೆಗೆ ನೆಲೆಸಿದ್ದು ನಿಂಬಾಳವೆಂಬ ಸಣ್ಣ ಊರಿನಲ್ಲಿ.

ಆಚರಣೆ ಹೇಗೆ?

ನಾನು ಗುಮಾಸ್ತನಾಗಿದ್ದವನು. ಆವಕ-ಜಾವಕ ರಜಿಸ್ಟರ್ ತಪ್ಪಿಲ್ಲದೆ ಬರೆಯುವುದು, ಟಿಪ್ಪಣಿ ಸರಿಯಾಗಿ ಹಾಕುವುದು ನನ್ನ ಕೈಯಲ್ಲಿತ್ತು, ಹುಕುಂ ಮೇಲಿನವರದ್ದು. ಅರ್ಜಿ ನಾಮಂಜೂರಾದರೂ ಟಿಪ್ಪಣಿ ಸರಿಯಿತ್ತೇ ಎಂಬ ಪ್ರಶ್ನೆ ಉಳಿಯುತ್ತಿತ್ತು. ಕಚೇರಿಯಲ್ಲಿ ಇದನ್ನು ಕಲಿತವನು ಸಂಘದಲ್ಲಿ ಎಡವಿದೆ. ಒಮ್ಮೆ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟುಹೋಯಿತು. ಮುನಿಸಿಕೊಂಡು ಎರಡು ತಿಂಗಳು ಸಭೆಗೆ ಹೋಗಲಿಲ್ಲ. ಮಕ್ಕಳ ಕನ್ನಡ ಓದಿನ ವರ್ಗ ಅಷ್ಟು ದಿನ ನಿಂತಿತು. ತಪ್ಪು ಪತ್ರಿಕೆಯದ್ದು, ನಷ್ಟ ಮಕ್ಕಳದ್ದು, ಕಾರಣ ನಾನು. ಮತ್ತೆ ಶುರುವಾದಾಗ ಇಬ್ಬರು ಮಕ್ಕಳು ಬರಲೇ ಇಲ್ಲ. ಆ ಲೆಕ್ಕ ನನ್ನ ಹೆಸರಿನಲ್ಲೇ ಇದೆ.

ಫಲದ ಚಿಂತೆ ಬೇಡವೆಂದರೆ ಪರಿಣಾಮದ ಎಚ್ಚರ ಬೇಡವೆಂದಲ್ಲ. ಕೆಲಸ ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿತೇ ಎಂದು ನೋಡಲೇಬೇಕು. ನನಗೇನು ಬಂತು ಎಂಬ ಲೆಕ್ಕವನ್ನಷ್ಟೇ ಬಿಡಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಸಾಂಗಲಿಯೊಳಗೆ ಬಂದಾಗ ಜನ ಮನೆ-ಅಂಗಡಿಗಳ ರಾಡಿ ಬಳಿದರು. 2021ರ ಜುಲೈಯಲ್ಲಿ ಮತ್ತೆ ನೀರು ಬಂತು, ಮತ್ತೆ ಬಳಿದರು. ಮೊದಲು ಬಳಿದದ್ದು ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ.

ಗಡಿಯೂರುಗಳಲ್ಲಿ ಕನ್ನಡದ ಕೆಲಸವೂ ಹಾಗೆಯೇ. ನಾವು ಅಕ್ಷರ ಕಲಿಸಿದ ಮಗು ಮುಂದೆ ಕನ್ನಡ ಓದುತ್ತದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಭಾನುವಾರ ಬಾಗಿಲು ತೆರೆದು, ಚಾಪೆ ಹಾಸಿ ಕೂರುವುದು ನಮ್ಮ ಕೈಯಲ್ಲಿದೆ. ಅಷ್ಟನ್ನು ತಪ್ಪದೆ ಮಾಡೋಣ.

— ಕಾರ್ಯದರ್ಶಿ