ಬಟ್ಟೆ ಒಣಗಿಸುವ ಬೆಂಕಿ

2019ರ ಜುಲೈ ತಿಂಗಳ ಒಂದು ಸಂಜೆ ನಾನು ಅಡುಗೆಮನೆಯ ನೆಲದ ಮೇಲೆ ಕೂತು, ಮೊಬೈಲಿನ ಟಾರ್ಚ್ ಹಿಡಿದು, ನಮ್ಮ ಟಂಬಲ್ ಡ್ರೈಯರಿನ ಬಾಗಿಲ ಅಂಚಿನಲ್ಲಿದ್ದ ಮಾದರಿ ಸಂಖ್ಯೆಯನ್ನು ಒಂದೊಂದೇ ಅಕ್ಷರ ಓದಿ ಪಟ್ಟಿಯೊಡನೆ ತಾಳೆ ನೋಡಿದೆ. ಬೆಂಕಿಯ ಅಪಾಯವಿದೆಯೆಂದು ವಾಪಸ್ ಕರೆಸಿಕೊಳ್ಳುತ್ತಿದ್ದ ಯಂತ್ರಗಳ ಪಟ್ಟಿ ಅದು. ನಮ್ಮದು ಅದರಲ್ಲಿರಲಿಲ್ಲ. "ಆಡಿಟ್ ಮುಗೀತು, ಆಕ್ಷೇಪಣೆ ಇಲ್ಲ" ಎಂದು ಹೆಂಡತಿಗೆ ವರದಿ ಒಪ್ಪಿಸಿದೆ. ಮೂರು ತಿಂಗಳಾದ ಮೇಲೆ ನಮ್ಮ ಮನೆಯಲ್ಲೇ ಸುಟ್ಟ ವಾಸನೆ ಎದ್ದಿತು. ಅದರಲ್ಲಿ ಯಂತ್ರದ ತಪ್ಪು ಏನೂ ಇರಲಿಲ್ಲ.

ಕಾರ್ಕ್‌ನಲ್ಲಿ ಬಟ್ಟೆ ಒಣಗಿಸುವುದು ಒಂದು ನಿತ್ಯದ ಚಿಂತೆ. ಇಲ್ಲಿ ಬೀಳುವ ಮಳೆ ನಮ್ಮ ಆಗುಂಬೆಯ ಮುಂದೆ ಏನೂ ಅಲ್ಲ, ಆದರೆ ಅದು ವರ್ಷವಿಡೀ ಕಂತಿನಲ್ಲಿ ಬರುತ್ತದೆ. ಬೆಳಿಗ್ಗೆ ಬಿಸಿಲು ನೋಡಿ ಹಿತ್ತಲ ಹಗ್ಗಕ್ಕೆ ಬಟ್ಟೆ ಹಾಕಿ ಆಫೀಸಿಗೆ ಹೋದರೆ, ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಜಿನುಗು ಹಿಡಿದಿರುತ್ತದೆ. ಹಳೆಯ ಮನೆಗಳಲ್ಲಿ ಇದಕ್ಕೊಂದು ಉಪಾಯವಿದೆ: ಹಾಟ್ ಪ್ರೆಸ್. ಐರಿಷ್ ಇಂಗ್ಲಿಷಿನಲ್ಲಿ ಪ್ರೆಸ್ ಎಂದರೆ ಕಪಾಟು. ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿಗೆ ಹಲಗೆ ಬಡಿದು, ಅರೆ ಒಣಗಿದ ಬಟ್ಟೆಯನ್ನು ಅಲ್ಲಿಟ್ಟು ಬೆಚ್ಚಗೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅದು ಮಹಡಿಯ ಮೇಲೆ, ಮಗಳ ಕೋಣೆಯ ಗೋಡೆಗೆ ಹೊಂದಿಕೊಂಡಿದೆ.

ಬೆಂಕಿಯಿಂದ ಬಟ್ಟೆ ಒಣಗಿಸುವುದು ನಮಗೂ ಹೊಸದಲ್ಲ. ತಿಪಟೂರಿನ ನಮ್ಮ ಮನೆಯಲ್ಲಿ ಬಾಣಂತನದ ಕಾಲಕ್ಕೆ ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಕೂಸಿನ ಬಟ್ಟೆ ಹರವುತ್ತಿದ್ದರು. ಸುಮಾರು 1800ರಲ್ಲಿ ಪೊಷೋನ್ ಎಂಬ ಫ್ರೆಂಚ್ ಮನುಷ್ಯ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ತೂತು ಕೊರೆದ ಲೋಹದ ಪೀಪಾಯಿಗೆ ಒದ್ದೆ ಬಟ್ಟೆ ತುಂಬಿ, ಬೆಂಕಿಯ ಮೇಲೆ ಕೈಯಿಂದ ತಿರುಗಿಸುತ್ತಿದ್ದ. ಬಟ್ಟೆಗೆ ಹೊಗೆಯ ನಾತ, ಮಸಿ. ಒಮ್ಮೊಮ್ಮೆ ಬಟ್ಟೆಯೇ ಹೊತ್ತಿಕೊಳ್ಳುತ್ತಿತ್ತು. 1892ರಲ್ಲಿ ಅಮೆರಿಕದ ಜಾರ್ಜ್ ಸ್ಯಾಂಪ್ಸನ್ ಒಲೆಯ ಶಾಖದಲ್ಲಿ ಒಣಗಿಸುವ ಚೌಕಟ್ಟಿಗೆ ಪೇಟೆಂಟ್ ಪಡೆದ. ಉತ್ತರ ಡಕೋಟಾದ ರಾಸ್ ಮೂರ್ ಚಳಿಗಾಲದಲ್ಲಿ ಹೊರಗೆ ಬಟ್ಟೆ ಹಾಕಿ ಬೇಸತ್ತು ರೂಪಿಸಿದ ವಿದ್ಯುತ್ ಯಂತ್ರ 1938ರಲ್ಲಿ 'ಜೂನ್ ಡೇ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬೆಂಕಿ ಹೋಗಿ ಕಾಯಿಸುವ ತಂತಿ ಬಂದಿತ್ತು, ಅಷ್ಟೆ.

ಐರಿಷ್ ಹಳ್ಳಿಗಳಿಗೆ ಆ ತಂತಿ ಕಾಯಿಸಲು ಕರೆಂಟೇ ಇರಲಿಲ್ಲ. ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು 1905ರಲ್ಲಿ; ಇಲ್ಲಿನ ಗ್ರಾಮೀಣ ವಿದ್ಯುದೀಕರಣದ ಮೊದಲ ಕಂಬ ನೆಟ್ಟದ್ದು 1946ರ ನವೆಂಬರಿನಲ್ಲಿ. (ಐರಿಷ್ ಸಹೋದ್ಯೋಗಿಗಳಿಗೆ ಇದನ್ನು ಹೇಳಲು ನಾನು ಅವಕಾಶ ಕಾಯುತ್ತಿರುತ್ತೇನೆ.) ಕಾರ್ಕ್ ನಗರದ ದೊಡ್ಡ ಒಗೆತದ ಒಂದು ಪಾಲು ಬಹುಕಾಲ ನಡೆದದ್ದು ಸಂಡೇಸ್ ವೆಲ್ ಬಡಾವಣೆಯ ಗುಡ್ ಶೆಪರ್ಡ್ ಕಾನ್ವೆಂಟಿನಂಥ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ, ಸಂಬಳವಿಲ್ಲದೆ ದುಡಿದ ಹೆಂಗಸರ ಕೈಯಿಂದ. ಸರ್ಕಾರ ಅವರ ಕ್ಷಮೆ ಕೇಳಿದ್ದು 2013ರ ಫೆಬ್ರವರಿಯಲ್ಲಿ. ಮನೆಮನೆಗೂ ಯಂತ್ರ ಬಂದದ್ದನ್ನು ಬರೀ ಸುಖದ ವಸ್ತು ಎಂದು ತೆಗೆದುಹಾಕಲು ನನಗೆ ಮನಸ್ಸಾಗದು.

ಇನ್ನು ಆ ಪಟ್ಟಿಯ ವಿಷಯ. ಡ್ರೈಯರಿನಲ್ಲಿ ಬಟ್ಟೆ ಉರುಳುವಾಗ ನೂಲಿನ ಎಳೆ ಉದುರುತ್ತದೆ. ಲಿಂಟ್ ಅನ್ನುತ್ತಾರೆ. ಜಾಲರಿಯಿಂದ ನಾನು ಅದನ್ನು ಕೀಳುವುದನ್ನು ಮೊದಲ ಸಲ ನೋಡಿದ ಅಮ್ಮ, "ಬಚ್ಚಲ ಒಲೆ ಹಚ್ಚೋಕೆ ಇದಕ್ಕಿಂತ ಒಳ್ಳೇ ಜುಂಗು ಸಿಗುತ್ತೇನೋ?" ಎಂದಿದ್ದರು. ಒಂದೇ ಮಾತಿನಲ್ಲಿ ಇಡೀ ಪ್ರಕರಣ. 2004ರಿಂದ 2015ರವರೆಗೆ ತಯಾರಾಗಿ ಹಾಟ್‌ಪಾಯಿಂಟ್, ಇಂಡೆಸಿಟ್, ಕ್ರೆಡಾ, ಸ್ವಾನ್, ಪ್ರೋಲೈನ್ ಹೆಸರಿನಲ್ಲಿ ಮಾರಾಟವಾದ ಕೆಲವು ಮಾದರಿಗಳಲ್ಲಿ ಈ ಜುಂಗು ಕಾಯಿಸುವ ಭಾಗವನ್ನು ತಾಗುವ ಸಾಧ್ಯತೆಯಿತ್ತು. ಇಂಡೆಸಿಟ್ ಕಂಪನಿಯನ್ನು ಕೊಂಡಿದ್ದ ವರ್ಲ್‌ಪೂಲ್ ಇದನ್ನು 2015ರ ನವೆಂಬರಿನಲ್ಲಿ ಪ್ರಕಟಿಸಿತು. ಬ್ರಿಟನ್ ಒಂದರಲ್ಲೇ ಇಂಥ ಯಂತ್ರಗಳು 50 ಲಕ್ಷಕ್ಕೂ ಹೆಚ್ಚು. ಐರ್ಲೆಂಡಿನಲ್ಲೂ ಮಾರಾಟವಾಗಿದ್ದವು, ಇಲ್ಲಿನ ಗ್ರಾಹಕ ಸಂರಕ್ಷಣಾ ಆಯೋಗವೂ ಎಚ್ಚರಿಕೆ ಹೊರಡಿಸಿತು.

ಆಗ ಕಂಪನಿ ಕೊಟ್ಟ ಸಲಹೆ ಹೀಗಿತ್ತು: ತಂತ್ರಜ್ಞರು ಬಂದು ಸರಿಪಡಿಸುವವರೆಗೆ ಬಳಸಬಹುದು, ಆದರೆ ಯಂತ್ರ ತಿರುಗುವಾಗ ಮನೆ ಬಿಟ್ಟು ಹೋಗಬೇಡಿ, ಮಲಗಬೇಡಿ. ಲಂಡನ್ನಿನ ಶೆಪರ್ಡ್ಸ್ ಬುಷ್‌ನಲ್ಲಿ 18 ಅಂತಸ್ತಿನ ಶೆಪರ್ಡ್ಸ್ ಕೋರ್ಟ್ ಕಟ್ಟಡಕ್ಕೆ 2016ರ ಆಗಸ್ಟ್ 19ರಂದು ಇಂಥ ಒಂದು ಡ್ರೈಯರಿನಿಂದ ಬೆಂಕಿ ಬಿತ್ತು. ಮನೆಯವರು ಮನೆಯಲ್ಲೇ ಇದ್ದರು. ಆರಿಸಲು 120 ಜನ ಅಗ್ನಿಶಾಮಕರು ಬೇಕಾಯಿತು. "ಪ್ಲಗ್ ಕಿತ್ತಿಡಿ" ಎಂಬ ಮಾತು ಬಂದದ್ದು 2017ರ ಫೆಬ್ರವರಿಯಲ್ಲಿ, ಬ್ರಿಟನ್ನಿನಲ್ಲಿ ಯಂತ್ರಗಳನ್ನೇ ವಾಪಸ್ ಪಡೆಯುವುದು ಶುರುವಾದದ್ದು 2019ರ ಜುಲೈಯಲ್ಲಿ. ಮೂರು ವರ್ಷ ಎಂಟು ತಿಂಗಳು. ನಮ್ಮ ವೃತ್ತಿಯಲ್ಲಿ ಆಗಬಹುದಾದ ನಷ್ಟಕ್ಕೆ ಅಂದಾಜು ಬರೆಯುವ ಪದ್ಧತಿಯಿದೆ: ಸಂಭವ ಕಡಿಮೆಯಾದರೆ ಅಡಿಟಿಪ್ಪಣಿ, ಹೆಚ್ಚಾದರೆ ಮೊತ್ತ. ಆ ಅಂದಾಜನ್ನು ನಾನು ನೂರಾರು ಸಲ ಬರೆದಿದ್ದೇನೆ. ಹಾಗಾಗಿ ಬೈಯುವ ಹಕ್ಕು ನನಗೆ ಪೂರ್ತಿ ಇಲ್ಲ.

ಅದೇ ವರ್ಷ ಅಕ್ಟೋಬರ್ 27, ಭಾನುವಾರ, ನರಕ ಚತುರ್ದಶಿ. ಅಂದೇ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವ ದಿನ. ಬದಲಾಗದ ಹಳೆಯ ಗಂಟೆ ನಂಬಿ ಎದ್ದ ಅಮ್ಮ ನಾಲ್ಕು ಜನರಿಗೂ ಎಳ್ಳೆಣ್ಣೆ ಹಚ್ಚಿ ಎರೆಯುವ ಹೊತ್ತಿಗೆ ಹೊರಗಿನ್ನೂ ಗಾಢ ಕತ್ತಲೆ. ಎಣ್ಣೆ ಹತ್ತಿದ ಆರು ಟವೆಲುಗಳನ್ನು ನಾನೇ 40 ಡಿಗ್ರಿಯಲ್ಲಿ ಒಗೆದು ಡ್ರೈಯರಿಗೆ ಹಾಕಿದೆ. ಮಧ್ಯಾಹ್ನ ಹಬ್ಬದೂಟಕ್ಕೆ ಗೆಳೆಯರ ಮನೆಗೆ ಹೋಗಬೇಕಿತ್ತು. ಇನ್ನೂ ಹತ್ತು ನಿಮಿಷ ತೋರಿಸುತ್ತಿದ್ದ ಯಂತ್ರವನ್ನು ನಿಲ್ಲಿಸಿ, ಬಿಸಿಬಿಸಿ ಟವೆಲುಗಳನ್ನು ಮಡಿಸಿ, ಒಂದರ ಮೇಲೊಂದು ಪೇರಿಸಿ ಹಾಟ್ ಪ್ರೆಸ್‌ನಲ್ಲಿಟ್ಟೆ.

ಹೊರಡುವ ಮೊದಲು ಶಾಲು ತರಲು ಮೇಲೆ ಹೋದವರು ಅಮ್ಮ. "ಏನೋ ಇದು, ಸೀದ ವಾಸನೆ! ಒಲೆ ಮೇಲೆ ಏನಿಟ್ಟಿದ್ದೀಯೋ?" ಒಲೆಯ ಮೇಲೆ ಏನೂ ಇರಲಿಲ್ಲ. ಹಾಟ್ ಪ್ರೆಸ್ ಬಾಗಿಲು ತೆಗೆದರೆ ತೆಳು ಹೊಗೆ. ಪೇರಿಯ ಮೇಲಿನ ಟವೆಲು ಬೆಳ್ಳಗೇ ಇತ್ತು. ನಾಲ್ಕನೆಯದು, ಅಂದರೆ ನಡುವಿನದು, ಕಾಫಿ ಪುಡಿಯ ಬಣ್ಣಕ್ಕೆ ತಿರುಗಿ ಮುಟ್ಟಲಾಗದಷ್ಟು ಕಾದಿತ್ತು. ಬಾತ್‌ಟಬ್ಬಿಗೆ ಎಸೆದು ನಲ್ಲಿ ಬಿಟ್ಟೆವು. ಆ ಹೊತ್ತಿಗೆ ನಾವು ಹೊರಟುಹೋಗಿದ್ದರೆ ಎಂಬ ಲೆಕ್ಕವನ್ನು ನಾನು ಇವತ್ತಿಗೂ ಪೂರ್ತಿ ಮಾಡಿಲ್ಲ.

ಆಮೇಲೆ ಓದಿ ತಿಳಿದದ್ದು. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಬೆರೆಯುವಾಗ ತಾನೇ ಶಾಖ ಹುಟ್ಟಿಸುತ್ತದೆ. ಬಟ್ಟೆ ಹರವಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ಬಿಸಿಯಿದ್ದಾಗಲೇ ಮಡಿಸಿ ಪೇರಿಸಿದರೆ ಒಳಗೇ ಉಳಿದು, ಏರಿ, ಬೆಂಕಿಯಿಲ್ಲದೆಯೇ ಬಟ್ಟೆ ಸೀಯುತ್ತದೆ. 40 ಡಿಗ್ರಿಯ ಒಗೆತಕ್ಕೆ ಎಣ್ಣೆ ಪೂರ್ತಿ ಬಿಡುವುದಿಲ್ಲ. ಎಲ್ಲ ಎಣ್ಣೆಯೂ ಒಂದೇ ಅಲ್ಲ: ಅಗಸೆ ಎಣ್ಣೆ ತೀರಾ ಅಪಾಯ, ಸೂರ್ಯಕಾಂತಿ, ಎಳ್ಳೆಣ್ಣೆ ನಡುವೆ, ನಮ್ಮ ತಿಪಟೂರಿನ ಕೊಬ್ಬರಿ ಎಣ್ಣೆ ಎಲ್ಲಕ್ಕಿಂತ ಸಾಧು. ನಾನು ಉಳಿಸಿದ ಆ ಕೊನೆಯ ಹತ್ತು ನಿಮಿಷ ಇರುವುದು ಒಣಗಿಸುವುದಕ್ಕಲ್ಲ, ಶಾಖವಿಲ್ಲದೆ ತಿರುಗಿಸಿ ತಣಿಸುವುದಕ್ಕೆ.

ನಂತರ ಯಂತ್ರ ಬದಲಿಸಿದೆವು. ವೆಂಟೆಡ್ ಡ್ರೈಯರ್ ಬಿಸಿ ತೇವದ ಗಾಳಿಯನ್ನು ಕೊಳವೆಯಿಂದ ಹೊರಗೆ ದೂಡುತ್ತದೆ. ಅಗ್ಗ, ಆದರೆ ಗೋಡೆ ಕೊರೆಯಬೇಕು, ಕೊಳವೆಯಲ್ಲೂ ಜುಂಗು ಕಟ್ಟುತ್ತದೆ. ಕಂಡೆನ್ಸರ್ ಆ ಗಾಳಿಯನ್ನು ಒಳಗೇ ತಣಿಸಿ ನೀರನ್ನು ಡಬ್ಬಿಗೆ ಇಳಿಸುತ್ತದೆ. ನಮ್ಮ ಹಳೆಯದು ಅಂಥದ್ದು. ಹೀಟ್ ಪಂಪಿನಲ್ಲಿ ಕಾಯಿಸುವ ತಂತಿಯ ಬದಲು ಫ್ರಿಜ್ಜಿನಂಥ ಏರ್ಪಾಡು. ತೆಗೆದ ಶಾಖವನ್ನೇ ಮತ್ತೆ ಬಳಸುವುದರಿಂದ ಕರೆಂಟು ಸುಮಾರು ಅರ್ಧ, ಶಾಖವೂ ಕಡಿಮೆ, ಹೊತ್ತು ಮಾತ್ರ ಜಾಸ್ತಿ. ಬೆಂಕಿಯ ಭಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ: ಮೋಟಾರು, ವೈರು, ಜುಂಗು ಅದರಲ್ಲೂ ಇವೆ. 2025ರ ಜುಲೈ 1ರಿಂದ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಯಮದ ಮಟ್ಟ ಮುಟ್ಟಲು ಹಳೆಯ ಬಗೆಯ ವಿದ್ಯುತ್ ಡ್ರೈಯರುಗಳಿಂದ ಆಗುವುದಿಲ್ಲ; ಇನ್ನು ಅಂಗಡಿಗೆ ಹೊಸದಾಗಿ ಬರುವುದು ಹೆಚ್ಚಾಗಿ ಹೀಟ್ ಪಂಪೇ.

ಅಮ್ಮ ಮುಂದಿನ ಸಲ ಬಂದಾಗ ಹೊಸ ಯಂತ್ರದ ಬಾಗಿಲು ತೆಗೆದು ಕೈಯಾಡಿಸಿ ನೋಡಿ, "ಬಿಸೀನೇ ಇಲ್ಲವಲ್ಲೋ, ಇದು ಒಣಗಿಸುತ್ತಾ?" ಎಂದರು. ಆ ದೀಪಾವಳಿಗೆ ಊರಿಂದ ಕೊಬ್ಬರಿ ಎಣ್ಣೆಯನ್ನೇ ತಂದಿದ್ದರು. ಆದರೂ ಎಣ್ಣೆ ಟವೆಲುಗಳನ್ನು ಯಂತ್ರಕ್ಕೆ ಹಾಕಲು ಬಿಡಲಿಲ್ಲ. ಅವು ಮೆಟ್ಟಿಲ ಕಟಕಟೆಯ ಮೇಲೆ ಮೂರು ದಿನ ನೇತಾಡಿದವು.