ಒತ್ತೆಯ ಊರು

ಮದರಾಸು ಬಂದರಿನಿಂದ ಉತ್ತರಕ್ಕೆ ಏಳೆಂಟು ಕಿಲೋಮೀಟರು ಹೋದರೆ ತಿರುವೊಟ್ಟಿಯೂರು. ಪ್ರಳಯದ ನೀರು ಮೇಲೇರಿ ಬಂದಾಗ ಶಿವ ಅದನ್ನು ಇಲ್ಲಿಂದ ಹಿಂದಕ್ಕೆ ಒತ್ತರಿಸಿದ, ಆದ್ದರಿಂದ ಇದು ‘ಒಱ್ಱಿಯೂರು’ ಎಂದು ಸ್ಥಳಪುರಾಣ ಹೇಳುತ್ತದೆ. ಇಲ್ಲಿಯ ಲಿಂಗ ಹುತ್ತದ ರೂಪದ್ದು. ತಮಿಳಿನ ‘ಪುಱ್ಱು’ ನಮ್ಮಲ್ಲಿ ‘ಹುತ್ತ’ವಾದ ಹಾಗೆ, ‘ಒಱ್ಱಿ’ ನಮ್ಮ ಬಾಯಲ್ಲಿ ‘ಒತ್ತೆ’. ತಮಿಳಿನಲ್ಲಿ ಆ ಪದಕ್ಕೆ ಅಡವು ಎಂಬ ಅರ್ಥವೂ ಇದೆ. ಸಮುದ್ರವನ್ನು ಹಿಂದೆ ತಳ್ಳಿದ ಊರು ಎನ್ನಬಹುದು, ಸಮುದ್ರಕ್ಕೆ ಅಡವಿಟ್ಟ ಊರು ಎಂದೂ ಓದಬಹುದು. ಕಳೆದ ನೂರೈವತ್ತು ವರ್ಷಗಳ ಚರಿತ್ರೆಗೆ ಹೊಂದುವುದು ಎರಡನೆಯ ಓದು.

ಕನ್ನಡಿಗರಿಗೆ ಈ ಊರಿನ ಹಳೆಯ ಪರಿಚಯವಿದೆ. 949ರ ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ ಮೇಲೆ ಈ ಸೀಮೆಯೆಲ್ಲ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಸೇರಿತು. ದೇವಸ್ಥಾನದ ಶಾಸನಗಳು ಅವನನ್ನು ಕನ್ನರದೇವ ಎಂದು ಕರೆಯುತ್ತವೆ. ಅವುಗಳಲ್ಲಿ ಒಂದು, ಚತುರಾನನ ಪಂಡಿತ ಎಂಬ ಸಂನ್ಯಾಸಿಯದು. ರಾಜಾದಿತ್ಯನ ಆಪ್ತನಾಗಿದ್ದ ಈತ ಒಡೆಯನ ಜೊತೆ ರಣದಲ್ಲಿ ಸಾಯಲಾಗಲಿಲ್ಲವಲ್ಲ ಎಂಬ ಕೊರಗಿನಲ್ಲಿ ವಿರಕ್ತನಾಗಿ ಇಲ್ಲಿ ಬಂದು ನೆಲೆಸಿದ. ಒಡೆಯನನ್ನು ಸೋಲಿಸಿದ ದೊರೆಯ ಆಳ್ವಿಕೆಯ ವರ್ಷವನ್ನೇ ಎಣಿಸಿ ತನ್ನ ದಾನವನ್ನು ಬರೆಸಿದ. ದಂಡು ಬಂದು ಹೋಗುವ ವಿಪತ್ತನ್ನು ಊರು ಅರಗಿಸಿಕೊಂಡಿತು. ಕೋಟೆಯಿಲ್ಲದ ಊರಿಗೆ ಬೇರೆ ದಾರಿಯೂ ಇರಲಿಲ್ಲ.

ಅರಗಿಸಿಕೊಳ್ಳಲಾಗದ್ದು 1875ರಲ್ಲಿ ಶುರುವಾಯಿತು. ಮದರಾಸಿಗೆ ಸಹಜ ಬಂದರು ಇರಲಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತಿತ್ತು, ಜನ ಮತ್ತು ಸಾಮಾನು ಮಸೂಲಾ ದೋಣಿಗಳಲ್ಲಿ ಅಲೆ ದಾಟಿ ದಡ ಸೇರಬೇಕಿತ್ತು. ಕಡಲೊಳಕ್ಕೆ ಎರಡು ಕಲ್ಲಿನ ತೋಳು ಚಾಚಿ ನೀರನ್ನು ಶಾಂತಗೊಳಿಸುವ ಕೆಲಸ ಆ ವರ್ಷ ಆರಂಭವಾಯಿತು. ಕೆಲಸ ಮುಗಿಯುವ ಹೊತ್ತಿಗೆ, 1881ರ ನವೆಂಬರಿನ ಚಂಡಮಾರುತ ತೋಳುಗಳನ್ನು ಮುರಿದು ಹಾಕಿತು. ಮತ್ತೆ ಕಟ್ಟಿದರು.

ಈ ತೀರದಲ್ಲಿ ಮರಳು ಸುಮ್ಮನೆ ಬಿದ್ದಿರುವುದಿಲ್ಲ, ನಡೆಯುತ್ತಿರುತ್ತದೆ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ಉತ್ತರಕ್ಕೆ ಒಯ್ಯುತ್ತವೆ. ಈಶಾನ್ಯ ಮಾರುತ ಅದರಲ್ಲಿ ಸ್ವಲ್ಪವನ್ನಷ್ಟೇ ಹಿಂದಕ್ಕೆ ತರುತ್ತದೆ. ವರ್ಷಕ್ಕೆ ಲಕ್ಷಗಟ್ಟಲೆ ಘನ ಮೀಟರ್ ಮರಳಿನ ಈ ನಡಿಗೆಗೆ ಬಂದರಿನ ದಕ್ಷಿಣದ ತೋಳು ಅಡ್ಡ ನಿಂತಿತು. ಅಲ್ಲಿ ತಡೆದು ಬಿದ್ದ ಮರಳೇ ಇಂದಿನ ಅಗಲವಾದ ಮರೀನಾ ಕಡಲತೀರ. ಉತ್ತರದಲ್ಲಿ ಅಲೆ ಮರಳನ್ನು ಒಯ್ಯುವುದನ್ನು ನಿಲ್ಲಿಸಲಿಲ್ಲ, ಬರಬೇಕಾದ ಮರಳು ಮಾತ್ರ ಬರಲಿಲ್ಲ. ಮೊದಲು ರಾಯಪುರಂ, ಆಮೇಲೆ ತಿರುವೊಟ್ಟಿಯೂರು, ಆಮೇಲೆ ಎಣ್ಣೂರು ಕರಗಿದವು. ಮರೀನಾದಲ್ಲಿ ಸಂಜೆ ಸುಂಡಲ್ ತಿನ್ನುವವರ ಕಾಲಡಿಯ ಮರಳಿನಲ್ಲಿ ತಿರುವೊಟ್ಟಿಯೂರಿನ ಪಾಲೂ ಇದೆ.

2025ರ ಮೇ 28ರಂದು ಸ್ವಿಟ್ಜರ್ಲೆಂಡಿನ ಬ್ಲಾಟನ್ ಎಂಬ ಆಲ್ಪ್ಸ್ ಹಳ್ಳಿಯ ಮೇಲೆ ಹಿಮನದಿ ಕುಸಿದು ಬಿತ್ತು. ಸುಮಾರು 300 ಜನರನ್ನು ಕೆಲವು ದಿನ ಮುಂಚೆಯೇ ತೆರವು ಮಾಡಿಸಿದ್ದರು. ಜಗತ್ತೆಲ್ಲ ಆ ವಿಡಿಯೊ ನೋಡಿತು. ಕಡಲ್ಕೊರೆತಕ್ಕೆ ಅಂಥ ವಿಡಿಯೊ ಇಲ್ಲ. ಈ ವರ್ಷ ಒಂದು ಸಾಲು ತೆಂಗು, ಮುಂದಿನ ವರ್ಷ ಒಂದು ಸಾಲು ಗುಡಿಸಲು, ಅಷ್ಟೇ. ಉಳ್ಳಾಲದವರಿಗೆ ಇದನ್ನು ವಿವರಿಸಬೇಕಿಲ್ಲ.

ಮೀನುಗಾರನಿಗೆ ಮರಳು ಎಂದರೆ ಅಂಗಳ. ಕಟ್ಟುಮರ ಎಳೆದು ಹಾಕಲು, ಬಲೆ ಹೊಲಿಯಲು, ಮೀನು ಒಣಗಿಸಲು, ಹರಾಜು ಕೂಗಲು ಅದೇ ಜಾಗ. ರಸ್ತೆ ಉಳಿಸಲು ತಂದು ಸುರಿದ ಕಪ್ಪು ಬಂಡೆಗಳ ಮೇಲೆ ಇವೊಂದೂ ಆಗುವುದಿಲ್ಲ. ಬಂಡೆ ಎಣ್ಣೂರಿನ ಹೆದ್ದಾರಿಯನ್ನು ಕಾಯಿತು, ಕುಪ್ಪಂಗಳ ಅಂಗಳವನ್ನಲ್ಲ. 2004ರ ಡಿಸೆಂಬರ್ 26ರ ಸುನಾಮಿ ಬಂದಾಗ ನೀರಿಗೂ ಮನೆಗೂ ನಡುವೆ ಉಳಿದಿದ್ದ ಮರಳು ಅತ್ಯಲ್ಪ. ಮನೆ ಕಳೆದುಕೊಂಡವರಿಗೆ ಎರ್ಣಾವೂರಿನಲ್ಲಿ ಕಟ್ಟಿಕೊಟ್ಟ ವಸತಿಗೆ ಇಂದಿಗೂ ಸುನಾಮಿಯದೇ ಹೆಸರು. 2017ರ ಜನವರಿಯಲ್ಲಿ ಎಣ್ಣೂರಿನ ಬಂದರಿನಾಚೆ ಎರಡು ಹಡಗು ಡಿಕ್ಕಿ ಹೊಡೆದು ಚೆಲ್ಲಿದ ಎಣ್ಣೆ ಇದೇ ಬಂಡೆಗಳ ಸಂದಿಗೆ ಬಂದು ಕೂತಿತು, ಜನ ಬಕೆಟ್ಟಿನಲ್ಲಿ ಮೊಗೆದರು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಎಣ್ಣೆ ಬಂದದ್ದು ಒಳನಾಡಿನ ಕಡೆಯಿಂದ, ಮಣಲಿಯ ಕೈಗಾರಿಕಾ ಪ್ರದೇಶದ ನೆರೆನೀರಿನ ಜೊತೆ. ಇವನ್ನೆಲ್ಲ ನೈಸರ್ಗಿಕ ವಿಕೋಪದ ಪಟ್ಟಿಗೆ ಸೇರಿಸುವಾಗ ಕೈ ತಡೆಯಬೇಕು.

ಬಂಡೆಯ ಗೋಡೆ ಸಾಲದೆಂದು ಈಗ ದಡದಿಂದ ಕಡಲೊಳಕ್ಕೆ ಅಡ್ಡಗೋಡೆಗಳನ್ನು ಚಾಚಿದ್ದಾರೆ. ಅವುಗಳ ನಡುವೆ ಒಂದಿಷ್ಟು ಮರಳು ಮರಳಿ ಬಂದಿದೆ, ದೋಣಿಗಳೂ ಬಂದು ನಿಂತಿವೆ. ಆದರೆ ಅಡ್ಡಗೋಡೆಯೂ ಬಂದರಿನ ತೋಳಿನದೇ ಚಿಕ್ಕ ರೂಪ. ಒಂದು ಮಗ್ಗುಲಿಗೆ ಮರಳು ಕೂಡಿಸಿ, ಇನ್ನೊಂದು ಮಗ್ಗುಲಿಗೆ ಕಳೆಯುತ್ತದೆ. ಸಾಲಿನ ಕೊನೆಯ ಗೋಡೆಯ ಉತ್ತರಕ್ಕೆ ಕೊರೆತ ಸರಿಯುತ್ತದೆ, ಅಲ್ಲಿಯವರು ತಮಗೂ ಒಂದು ಗೋಡೆ ಬೇಕೆಂದು ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ.